ದುಡಿಮೆಯ ಉಡುಪು ಪೇಟೆಗೆ ಬಂದ ಬಗೆ

ಬಟ್ಟೆಯಂಗಡಿಯಲ್ಲಿ ತೂಗುಹಾಕಿದ ಓವರಾಲ್ಸ್ ಒಂದನ್ನು ಹತ್ತಿರದಿಂದ ನೋಡಿದರೆ ಅದರ ಹಳೆಯ ಕಸುಬು ಗೊತ್ತಾಗುತ್ತದೆ. ತೊಡೆಯ ಮಗ್ಗುಲಲ್ಲಿರುವ ಕುಣಿಕೆ ಬಡಗಿಯ ಸುತ್ತಿಗೆಗೆ. ಕಾಲಿನುದ್ದಕ್ಕೆ ಇಳಿಯುವ ಕಿರಿದಾದ ಜೇಬು ಅಳತೆಗೋಲಿಗೆ. ಎದೆಯ ಜೇಬಿನಲ್ಲಿ ಒಂದು ಸೀಳು ಪೆನ್ಸಿಲಿಗೆ, ಇನ್ನೊಂದು ಸರಪಳಿ ಗಡಿಯಾರಕ್ಕೆ. ಭಾರವನ್ನು ಹೆಗಲಪಟ್ಟಿಗಳು ಹೊರುವುದರಿಂದ ಬಗ್ಗಿದರೂ ಕುಕ್ಕರಗಾಲಲ್ಲಿ ಕೂತರೂ ಸೊಂಟದಿಂದ ಜಾರುವುದಿಲ್ಲ. ಇವುಗಳಲ್ಲಿ ಒಂದನ್ನೂ ಅಂದಕ್ಕೆಂದು ಹೊಲಿದದ್ದಲ್ಲ. ಸುಮಾರು 120 ವರ್ಷಗಳಿಂದ ಈ ಉಡುಪಿನ ರಚನೆ ಹೆಚ್ಚೇನೂ ಬದಲಾಗಿಲ್ಲ. ಬದಲಾದದ್ದು ತೊಡುವವರು, ಮತ್ತು ಅವರು ಅದನ್ನು ತೊಡುವ ಕಾರಣ.

ಬಟ್ಟೆಯ ಜಾಡು ಹಿಡಿದು ಹೊರಟರೆ ಭಾರತದ ಕರಾವಳಿ ಸಿಗುತ್ತದೆ. ಮುಂಬೈನ ಡೋಂಗ್ರಿ ಪ್ರದೇಶದ ಒರಟು ಹತ್ತಿಬಟ್ಟೆಯನ್ನು ಇಂಗ್ಲಿಷ್ ವರ್ತಕರು ಕೊಂಡೊಯ್ದರು. ಅಗ್ಗವಾದ, ಬಾಳಿಕೆ ಬರುವ ಆ ಬಟ್ಟೆ ನಾವಿಕರ ಷರಾಯಿಯಾಯಿತು. ಬ್ರಿಟನ್ನಿನಲ್ಲಿ ಇಂದಿಗೂ ಎದೆಪಟ್ಟಿಯ ಈ ಉಡುಪಿಗೆ ಡಂಗರೀಸ್ ಎನ್ನುತ್ತಾರೆ. ನಮ್ಮ ಊರುಗಳ ಮಕ್ಕಳ ಬಟ್ಟೆಯಂಗಡಿಗಳಲ್ಲಿ ನಡೆಯುವುದೂ ಅದೇ ಹೆಸರು. 18ನೇ ಶತಮಾನದ ಅಮೆರಿಕದಲ್ಲಿ ಓವರಾಲ್ಸ್ ಎಂದರೆ ಸೈನಿಕರು ಮತ್ತು ಕೂಲಿಕಾರರು ತೊಡುತ್ತಿದ್ದ ಉದ್ದನೆಯ ಷರಾಯಿ ಅಷ್ಟೆ, ಎದೆಯ ತುಂಡು ಇನ್ನೂ ಬಂದಿರಲಿಲ್ಲ. ನೆವಾಡಾದ ರೀನೋ ಪಟ್ಟಣದ ದರ್ಜಿ ಜೇಕಬ್ ಡೇವಿಸ್, ಜೇಬಿನ ಮೂಲೆ ಹರಿಯದಂತೆ ತಾಮ್ರದ ರಿವೆಟ್ ಹೊಡೆಯುವ ಉಪಾಯ ಕಂಡುಕೊಂಡು, ತನಗೆ ಬಟ್ಟೆ ಪೂರೈಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ಲೆವಿ ಸ್ಟ್ರಾಸ್‌ಗೆ ಪತ್ರ ಬರೆದ. 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಸಿಕ್ಕಿತು. ನಾವು ಜೀನ್ಸ್ ಎನ್ನುವ ಆ ಷರಾಯಿಯನ್ನು ಕಂಪನಿ ಬಹುಕಾಲ ‘ಸೊಂಟದ ಓವರಾಲ್ಸ್’ ಎಂದೇ ಮಾರಿತು.

ಎದೆಪಟ್ಟಿಯ ಉಡುಪನ್ನು ಬೆಳೆಸಿದ್ದು ರೈಲು. 1889ರಲ್ಲಿ ಡೆಟ್ರಾಯಿಟ್‌ನಲ್ಲಿ ಹೊಲಿಗೆ ಶುರುಮಾಡಿದ ಹ್ಯಾಮಿಲ್ಟನ್ ಕಾರ್ಹಾರ್ಟ್, ಎಂಜಿನ್ ಓಡಿಸುವವರನ್ನೂ ಕಲ್ಲಿದ್ದಲು ತುಂಬುವವರನ್ನೂ ಅವರಿಗೇನು ಬೇಕೆಂದು ಕೇಳಿ ಬಟ್ಟೆ ಕತ್ತರಿಸಿದ. ವಿಸ್ಕಾನ್ಸಿನ್‌ನ ಆಷ್‌ಕಾಷ್ ಪಟ್ಟಣದಲ್ಲಿ 1895ರಲ್ಲಿ ಇನ್ನೊಂದು ಕಾರ್ಖಾನೆ ಹುಟ್ಟಿತು. ಮಸಿ, ಎಣ್ಣೆಯ ಕಲೆ ಎದ್ದು ಕಾಣದಂತೆ ನೀಲಿ-ಬಿಳಿ ಸಣ್ಣ ಪಟ್ಟೆಗಳ ಬಟ್ಟೆ ರೈಲ್ವೆಯವರ ಗುರುತಾಯಿತು. ಕಾರ್ಖಾನೆಗಳಲ್ಲಿ ಸಡಿಲ ಕೋಟಿನ ಅಂಚು ತಿರುಗುವ ಚಕ್ರಕ್ಕೆ ಸಿಕ್ಕರೆ ಕೈಕಾಲು ಹೋಗುತ್ತಿದ್ದ ಕಾಲವದು. ಮೈಗೆ ಕಟ್ಟಿಕೊಂಡಂತಿರುವ ಉಡುಪು ಜೀವ ಉಳಿಸುವ ಸಾಧನವೂ ಆಗಿತ್ತು. ಪಾಳಿ ಮುಗಿದ ಮೇಲೆ ಅದನ್ನು ಕಳಚಿಟ್ಟರೆ ಒಳಗಿನ ಬಟ್ಟೆ ಚೊಕ್ಕಟವಾಗಿರುತ್ತಿತ್ತು.

ಮೈಮುರಿದು ದುಡಿಯದವರು ಇದನ್ನು ಬೇಕೆಂದೇ ತೊಟ್ಟ ಮೊದಲ ದೊಡ್ಡ ಪ್ರಸಂಗ 1920ರದು. ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಬಟ್ಟೆಯ ಬೆಲೆ ಗಗನಕ್ಕೇರಿತ್ತು. ದಕ್ಷಿಣದ ಊರುಗಳಲ್ಲಿ ‘ಓವರಾಲ್ಸ್ ಕ್ಲಬ್’ಗಳು ಹುಟ್ಟಿ, ಗುಮಾಸ್ತರು, ವಕೀಲರು, ವಿದ್ಯಾರ್ಥಿಗಳು ಸೂಟು ಕೊಳ್ಳುವುದಿಲ್ಲವೆಂದು ಶಪಥ ಮಾಡಿ ಕೂಲಿಯವರ ಬಟ್ಟೆ ತೊಟ್ಟರು. ಜಾರ್ಜಿಯಾದ ಪ್ರತಿನಿಧಿ ವಿಲಿಯಂ ಅಪ್‌ಷಾ ಅದನ್ನೇ ತೊಟ್ಟು ಸಂಸತ್ತಿಗೆ ಬಂದರು. ಆದರೆ ಬೇಡಿಕೆ ಒಮ್ಮೆಲೇ ನುಗ್ಗಿದ್ದರಿಂದ ಓವರಾಲ್ಸ್‌ನ ಬೆಲೆಯೇ ಏರಿತು, ಅದರ ಬಿಸಿ ಬೇರೆ ಬಟ್ಟೆ ಕೊಳ್ಳಲಾಗದ ರೈತನಿಗೂ ಕಾರ್ಮಿಕನಿಗೂ ತಟ್ಟಿತು. ಕೆಲವೇ ವಾರಗಳಲ್ಲಿ ಚಳವಳಿ ತಣ್ಣಗಾಯಿತು. ಬಡವರ ಬಟ್ಟೆ ಫ್ಯಾಷನ್ ಆದಾಗ ಬೆಲೆ ತೆರುವವರು ಯಾರು ಎಂಬ ಪ್ರಶ್ನೆ ಅಂದೇ ಎದ್ದಿತ್ತು.

1936ರಲ್ಲಿ ವಾಕರ್ ಇವಾನ್ಸ್ ಅಲಬಾಮಾದಲ್ಲಿ, ಕೋರಿಗೆ ಉಳುವ ಹತ್ತಿ ಬೆಳೆಗಾರರ ಚಿತ್ರಗಳನ್ನು ತೆಗೆದರು. ತೇಪೆ ಹಾಕಿದ, ತೊಳೆದು ತೊಳೆದು ಬಿಳಿಚಿಕೊಂಡ ಓವರಾಲ್ಸ್ ಆ ಚಿತ್ರಗಳಲ್ಲಿ ಮುಖಗಳಷ್ಟೇ ಮಾತಾಡುತ್ತದೆ. ಜೊತೆಗಿದ್ದ ಲೇಖಕ ಜೇಮ್ಸ್ ಏಜಿ ಈ ಉಡುಪಿನ ವರ್ಣನೆಗೇ ಪುಟಗಳನ್ನು ಮೀಸಲಿಟ್ಟರು.

ಹೆಂಗಸರಿಗೆ ಇದನ್ನು ತೊಡಿಸಿದ್ದು ಯುದ್ಧ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ, ಎರಡನೆಯದರಲ್ಲಿ ಅಮೆರಿಕದ ಹಡಗು-ವಿಮಾನ ಕಾರ್ಖಾನೆಗಳಲ್ಲಿ ಅವರು ಗಂಡಸರ ಜಾಗಕ್ಕೆ ಬಂದರು. 1943ರ ಮೇ 29ರ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಮುಖಪುಟಕ್ಕೆ ನಾರ್ಮನ್ ರಾಕ್ವೆಲ್ ಬರೆದ, ರೋಸಿ ಎಂಬ ಕಾರ್ಖಾನೆಯ ಹೆಣ್ಣು ನೀಲಿ ಓವರಾಲ್ಸ್ ತೊಟ್ಟು, ರಿವೆಟ್ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಹಿಟ್ಲರನ ಪುಸ್ತಕವನ್ನು ಕಾಲಡಿ ಹಾಕಿ ಸ್ಯಾಂಡ್‌ವಿಚ್ ತಿನ್ನುತ್ತಾಳೆ. ಯುದ್ಧ ಮುಗಿದು ಗಂಡಸರು ಮರಳಿದಾಗ ಅಂಥ ಲಕ್ಷಾಂತರ ಹೆಂಗಸರು ಕೆಲಸ ಕಳೆದುಕೊಂಡರು.

ಫ್ಯಾಷನ್ ಚರಿತ್ರೆಗಳು ಸಾಮಾನ್ಯವಾಗಿ ಇಲ್ಲಿಂದ ಹಿಪ್ಪಿಗಳತ್ತ ಹಾರುತ್ತವೆ. ನಡುವಿನ ಅಧ್ಯಾಯವೇ ಈ ಕಥೆಯ ಹೃದಯ. 1960ರಲ್ಲಿ ಹುಟ್ಟಿದ ‘ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿ’ಯ ಕಪ್ಪು ಯುವಜನರು ಮೊದಮೊದಲು ಚರ್ಚಿಗೆ ಹೋಗುವ ಇಸ್ತ್ರಿ ಬಟ್ಟೆ ತೊಟ್ಟು ವರ್ಣಭೇದದ ವಿರುದ್ಧ ಧರಣಿ ಕೂರುತ್ತಿದ್ದರು. ಮತದಾರರ ನೋಂದಣಿಗೆಂದು ಮಿಸಿಸಿಪ್ಪಿಯ ಹಳ್ಳಿಗಳಿಗೆ ಹೋದ ಮೇಲೆ ಅವರು ಓವರಾಲ್ಸ್‌ಗೆ ಬದಲಾದರು. ಮಣ್ಣಿನ ದಾರಿಗೂ ಜೈಲಿಗೂ ಅದೇ ತಡೆಯುವ ಬಟ್ಟೆ. ಅದಕ್ಕಿಂತ ಮುಖ್ಯವಾಗಿ, ಯಾರ ಮನೆಬಾಗಿಲು ತಟ್ಟುತ್ತಿದ್ದರೋ ಆ ಕೃಷಿಕರ ಬಟ್ಟೆ. ಮಕ್ಕಳನ್ನು ಕಾಲೇಜಿಗೆ ಕಳಿಸಿ ಈ ಉಡುಪಿನಿಂದ ಬಿಡಿಸಿದೆವೆಂದು ನಂಬಿದ್ದ ಎಷ್ಟೋ ತಂದೆತಾಯಿಗಳಿಗೆ ಇದು ನೋವಿನ ಸಂಗತಿಯಾಗಿತ್ತು. ಕಾಲೇಜು ಹುಡುಗಿಯರು ನೆರಿಗೆಯ ಸ್ಕರ್ಟು ಬಿಟ್ಟು ಇದನ್ನು ತೊಟ್ಟಾಗ ಹಿರಿಯರಿಗೆ ಇನ್ನಷ್ಟು ಕಸಿವಿಸಿ. 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಸಮಿತಿಯ ಅಧ್ಯಕ್ಷ ಜಾನ್ ಲೂಯಿಸ್ ಸೂಟು ತೊಟ್ಟು ವೇದಿಕೆ ಏರಿದರು. ಜನಸಂದಣಿಯಲ್ಲಿ ಅವರ ಹಲವು ಸಂಗಾತಿಗಳು ಓವರಾಲ್ಸ್‌ನಲ್ಲಿದ್ದರು. ಹಿಂದಿನವರ ಮೇಲೆ ಬಡತನ ಹೇರಿದ್ದನ್ನು ಇವರು ತಾವಾಗಿ ಆರಿಸಿ ತೊಟ್ಟರು. ನಂತರ ಬಂದ ಹಿಪ್ಪಿಗಳಿಗೂ ಮಹಿಳಾ ಚಳವಳಿಗೂ ದಾರಿ ಮಾಡಿಕೊಟ್ಟ ಧೈರ್ಯ ಅದು.

ಅಲ್ಲಿಂದ ಮುಂದೆ ವೇಗ ಹೆಚ್ಚು. ಆಷ್‌ಕಾಷ್ ಕಂಪನಿಯ ಮಕ್ಕಳ ಓವರಾಲ್ಸ್ ಅಂಚೆ ಮೂಲಕ ಮಾರುವ ಕ್ಯಾಟಲಾಗಿನಿಂದ ಮನೆಮಾತಾಗಿ, 1980ರ ದಶಕದ ಹೊತ್ತಿಗೆ ರೈಲ್ವೆಯವರ ಬಟ್ಟೆಯ ಕಾರ್ಖಾನೆ ಮಕ್ಕಳ ಬಟ್ಟೆಯ ಹೆಸರಾಯಿತು. 1981ರ ‘ಡಾಂಕಿ ಕಾಂಗ್’ ವಿಡಿಯೋ ಆಟದ ಮಾರಿಯೋನ ಕೈಗಳ ಚಲನೆ ಕೆಲವೇ ಚುಕ್ಕೆಗಳ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಲೆಂದು ಶಿಗೆರು ಮಿಯಾಮೊಟೊ ಅವನಿಗೆ ಓವರಾಲ್ಸ್ ತೊಡಿಸಿದರು. 1990ರ ದಶಕದಲ್ಲಿ ಹಿಪ್-ಹಾಪ್ ಗಾಯಕರು ದೊಗಳೆ ಅಳತೆಯದನ್ನು ತೊಟ್ಟು ಒಂದು ಹೆಗಲಪಟ್ಟಿ ಬಿಚ್ಚಿಟ್ಟರು. ಯುರೋಪಿನಲ್ಲಿ ಕಾರ್ಹಾರ್ಟ್ ಹೆಸರಿನಲ್ಲೇ ಫ್ಯಾಷನ್ ಉಡುಪು ಬೆಳೆಯಿತು. ಇಲ್ಲಿ 1998ರ ‘ಕುಛ್ ಕುಛ್ ಹೋತಾ ಹೈ’ ಚಿತ್ರದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಕಾಜೋಲ್ ಡಂಗರೀಸ್ ತೊಟ್ಟು ಬಂದದ್ದನ್ನು ಆಗಿನ ಕಾಲೇಜು ಹುಡುಗಿಯರು ಮರೆತಿಲ್ಲ. ಹೊಲಿಗೆಯ ಕೆಲಸವೂ ಇಲ್ಲಿಗೆ ಬಂತು: ಬಳ್ಳಾರಿಯ ಸಣ್ಣಪುಟ್ಟ ಘಟಕಗಳು ಜೀನ್ಸ್‌ಗೆ ಹೆಸರಾದರೆ, ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಹೆಚ್ಚಾಗಿ ಹೆಂಗಸರೇ ವಿದೇಶಿ ಬ್ರಾಂಡುಗಳಿಗೆ ಉಡುಪು ಹೊಲಿಯುತ್ತಾರೆ.

ಅಂಗಡಿಯಲ್ಲಿ ಹೆಂಗಸರ ಓವರಾಲ್ಸ್ ತುಂಬಿ ತುಳುಕುತ್ತಿದ್ದ ಕಾಲದಲ್ಲೂ ಗಾರೆ, ಬೆಸುಗೆ, ತೋಟದ ಕೆಲಸದ ಹೆಂಗಸರು ಗಂಡಸರ ಅಳತೆಯದರಲ್ಲೇ ದುಡಿಯಬೇಕಿತ್ತು. ಶೌಚಕ್ಕೆ ಹೋಗಬೇಕೆಂದರೆ ಚಳಿಯಲ್ಲೂ ಹೆಗಲಿನಿಂದ ಪೂರ್ತಿ ಕಳಚಬೇಕಿತ್ತು. ಈ ಶತಮಾನದಲ್ಲಿ ಅಮೆರಿಕದ ಕೆಲವು ಕಂಪನಿಗಳು ಅವರಿಗೆಂದೇ ಬೇರೆ ಅಳತೆ ತೆಗೆದು, ಹೆಗಲಪಟ್ಟಿ ಬಿಚ್ಚದೆ ಹಿಂಭಾಗವಷ್ಟೇ ಇಳಿಸುವಂತೆ ಜಿಪ್ಪು ಇಟ್ಟು ಓವರಾಲ್ಸ್ ಹೊಲಿಯತೊಡಗಿವೆ. ಕಾರ್ಹಾರ್ಟ್ ರೈಲ್ವೆಯವರನ್ನು ಕೇಳಿದ ಪ್ರಶ್ನೆಯನ್ನು ಈ ಹೆಂಗಸರಿಗೆ ಕೇಳಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.