ಟ್ಯಾಬ್ ಒತ್ತಿದ ಮೇಲೆ ಯಾರಿಗಾಗಿ ಕಾಯುತ್ತೇವೆ?

ಲಿನಕ್ಸ್‌ನ ಕಪ್ಪು ಪರದೆಯಲ್ಲಿ ಕೆಲಸ ಮಾಡುವವರಿಗೆ ಟ್ಯಾಬ್ ಕೀಲಿ ಅಂದರೆ ಪಂಚಪ್ರಾಣ. ಫೈಲಿನ ಹೆಸರಿನ ಮೊದಲೆರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಶೆಲ್ ತಾನೇ ತುಂಬುತ್ತದೆ. ಆದರೆ ಕೆಲವು ಕಚೇರಿಗಳಲ್ಲಿ ಟ್ಯಾಬ್ ಒತ್ತಿದೊಡನೆ ಕರ್ಸರ್ ಗರ ಬಡಿದಂತೆ ನಿಂತುಬಿಡುತ್ತದೆ. ಐದು ಸೆಕೆಂಡು, ಹತ್ತು ಸೆಕೆಂಡು... ಆಮೇಲೆ ಏನೂ ಆಗಿಲ್ಲವೆಂಬಂತೆ ಹೆಸರು ಬರುತ್ತದೆ. "ಮಷೀನು ಹಳೇದಾಯ್ತು, ಮೆಮೊರಿ ಹಾಕಿಸಿ" ಎಂಬ ಸಲಹೆ ಪುಕ್ಕಟೆಯಾಗಿ ಸಿಗುತ್ತದೆ. ನಾನು ಓದಿದ್ದು ಬಿ.ಕಾಂ., ಹೊಟ್ಟೆಪಾಡಿಗೆ ಬ್ಯಾಂಕು. ಆದರೂ ಈ ತಡದ ಚರಿತ್ರೆ ಕೆದಕಿದಾಗ ನಮ್ಮ ಬ್ಯಾಂಕಿನ ಕಥೆಯನ್ನೇ ಓದಿದಂತಾಯ್ತು.

ಇದರ ಬೇರು ಅಮೆರಿಕದ ಬಿಬಿಎನ್ ಕಂಪನಿ ಪಿಡಿಪಿ-10 ಯಂತ್ರಕ್ಕಾಗಿ ಮಾಡಿದ ಟೆನೆಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿದೆ. ಅದರಲ್ಲಿ ಎಸ್ಕೇಪ್ ಕೀಲಿ ಒತ್ತಿದರೆ ಅರ್ಧ ಬರೆದ ಆಜ್ಞೆ ಪೂರ್ತಿಯಾಗುತ್ತಿತ್ತು. ಇದನ್ನು ಮೆಚ್ಚಿದ ಕೆನ್ ಗ್ರೀರ್ 1975ರಲ್ಲಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ಹೆಸರು ತುಂಬುವ ಪ್ರೋಗ್ರಾಂ ಬರೆಯತೊಡಗಿದರು. 1981ರಲ್ಲಿ ಅದನ್ನು ಬಿಲ್ ಜಾಯ್ ಅವರ ಸಿ-ಶೆಲ್‌ಗೆ ಸೇರಿಸಿದರು. ಅದೇ ಟಿಸಿ-ಶೆಲ್. ಆ 'ಟಿ' ಟೆನೆಕ್ಸ್‌ನ ನೆನಪು. 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಶ್ ಬಂದ ಮೇಲೆ ಟ್ಯಾಬ್ ಮನೆಮಾತಾಯಿತು.

ಗ್ರೀರ್ ಕೆಲಸ ಶುರುಮಾಡಿದಾಗ ಫೈಲುಗಳಿದ್ದದ್ದು ಅದೇ ಯಂತ್ರದ ಡಿಸ್ಕಿನಲ್ಲಿ. ಬಳಕೆದಾರರ ಪಟ್ಟಿ ಇದ್ದದ್ದೂ ಅಲ್ಲೇ, ಒಂದು ಸಣ್ಣ ಫೈಲಿನಲ್ಲಿ. ಕೈಚಾಚಿದರೆ ಸಿಗುವಷ್ಟು ಹತ್ತಿರ.

1980ರ ದಶಕದಲ್ಲಿ ಸನ್ ಕಂಪನಿ ಇದನ್ನು ಬದಲಿಸಿತು. 1984ರ ಸುಮಾರಿಗೆ ಎನ್‌ಎಫ್‌ಎಸ್ ರೂಪುಗೊಂಡಿತು: ದೂರದ ಸರ್ವರಿನ ಫೋಲ್ಡರು ನಿಮ್ಮ ಡಿಸ್ಕಿನದೇ ಎಂಬಂತೆ ಕಾಣಬೇಕು. ಬಳಕೆದಾರರ ಪಟ್ಟಿಯನ್ನು ಊರಿಗೆಲ್ಲ ಒಂದೇ ಕಡೆ ಇಡಲು 'ಯೆಲ್ಲೋ ಪೇಜಸ್' ಬಂತು. ಆ ಹೆಸರು ಬ್ರಿಟಿಷ್ ಟೆಲಿಕಾಂನ ಟ್ರೇಡ್‌ಮಾರ್ಕ್ ಆಗಿದ್ದರಿಂದ ಅದು ಎನ್‌ಐಎಸ್ ಆಯಿತು; ಆಜ್ಞೆಗಳ ಹೆಸರಿನ ಮುಂದೆ ಮಾತ್ರ 'ವೈಪಿ' ಹಾಗೇ ಉಳಿಯಿತು! 1990ರ ದಶಕದಲ್ಲಿ ಎಲ್‌ಡ್ಯಾಪ್ ಬಂತು. ದೂರದ್ದು ದೂರದ್ದೆಂದು ಗೊತ್ತಾಗಬಾರದು ಎಂಬುದೇ ಎನ್‌ಎಫ್‌ಎಸ್‌ನ ಹೆಚ್ಚುಗಾರಿಕೆ. ಪಾಪ, ಶೆಲ್‌ಗೂ ಗೊತ್ತಾಗಲಿಲ್ಲ. ಅದು ಹಿಂದಿನಂತೆಯೇ ಕೈಚಾಚುತ್ತಾ ಹೋಯಿತು.

ನಾನು ಕೆಲಸಕ್ಕೆ ಸೇರಿದಾಗ ಮಾದರಿ ಸಹಿಯ ಕಾರ್ಡುಗಳು ಕೌಂಟರಿನ ಹಿಂದಿನ ಡ್ರಾಯರಿನಲ್ಲಿದ್ದವು. ಚೆಕ್ಕು ಬಂದರೆ ತೆಗೆದು ನೋಡಿದರಾಯ್ತು. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಅದೇ ಸಹಿ ಬೇರೆ ಊರಿನ ಡೇಟಾ ಸೆಂಟರಿನಿಂದ ಬರಬೇಕು. ಲೈನು ನಿಧಾನವಾದರೆ ಕ್ಯೂನಲ್ಲಿ ನಿಂತವರು ಬೈಯುವುದು ಕೌಂಟರಿನವರನ್ನು. ಶೆಲ್‌ನ ಪಾಡೂ ಅದೇ.

ಟ್ಯಾಬ್ ಒತ್ತಿದಾಗ ಅದು ಯಾರನ್ನು ಕೇಳುತ್ತದೆ ನೋಡಿ. ಆಜ್ಞೆಯ ಹೆಸರಾದರೆ 'ಪಾತ್' ಪಟ್ಟಿಯ ಎಲ್ಲ ಫೋಲ್ಡರುಗಳನ್ನೂ ತಡಕುತ್ತದೆ. ಅದರಲ್ಲೊಂದು ನೆಟ್‌ವರ್ಕಿನಲ್ಲಿದ್ದರೆ ಮುಗಿಯಿತು. ಅದನ್ನು ಪಟ್ಟಿಯ ಕೊನೆಗೆ ತಳ್ಳಿದರೂ ಪ್ರಯೋಜನವಿಲ್ಲ, ಎಲ್ಲವನ್ನೂ ನೋಡಲೇಬೇಕಲ್ಲ. ಟಿಲ್ಡೆ ಚಿಹ್ನೆ ಹಾಕಿ ಟ್ಯಾಬ್ ಒತ್ತಿದರೆ ಬಳಕೆದಾರರ ಪೂರ್ತಿ ಪಟ್ಟಿ ಬೇಕು. ಸಾವಿರಾರು ನೌಕರರಿರುವ ಕಡೆ ಅಷ್ಟೂ ಎಲ್‌ಡ್ಯಾಪ್ ಸರ್ವರಿನಿಂದ ಬರಬೇಕು. ಹೆಸರುಗಳಿಗೆ ಬಗೆಯನುಸಾರ ಬಣ್ಣ ಹಚ್ಚಿ ತೋರಿಸುವಂತೆ ಮಾಡಿದ್ದರೆ ಒಂದೊಂದು ಹೆಸರಿಗೂ ಬೇರೆ ವಿಚಾರಣೆ. ಟಿಸಿ-ಶೆಲ್ ಬರೆದವರಿಗೆ ಇಂಥ ವಿಚಾರಣೆಯ ಬೆಲೆ ಗೊತ್ತಿತ್ತು. ಓಡಿಸಬಲ್ಲ ಫೈಲುಗಳನ್ನಷ್ಟೇ ಪಟ್ಟಿಮಾಡುವ ಆಯ್ಕೆಯ ಪಕ್ಕದಲ್ಲಿ ಅವರ ಕೈಪಿಡಿ 'ನಿಧಾನ' ಎಂದು ಒಂದೇ ಪದದ ಎಚ್ಚರಿಕೆ ಕೊಡುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಇನ್ನೊಂದು ಕಿಟಕಿ ತೆರೆದು, ಮೊದಲ ಶೆಲ್‌ನ ಪ್ರಕ್ರಿಯೆ ಸಂಖ್ಯೆಯನ್ನು ಎಸ್‌ಟ್ರೇಸ್‌ಗೆ ಕೊಟ್ಟು, ಮೊದಲನೆಯದರಲ್ಲಿ ಟ್ಯಾಬ್ ಒತ್ತಿ. ಓಡುವ ಸಾಲುಗಳು ಎಲ್ಲಿ ನಿಲ್ಲುತ್ತವೆ ನೋಡಿ. ಫೋಲ್ಡರಿನ ಹೆಸರಿನ ಮೇಲೆ ನಿಂತರೆ ನೆಟ್‌ವರ್ಕ್ ಡಿಸ್ಕನ್ನು ವಿಚಾರಿಸಿ. 'ಕನೆಕ್ಟ್' ಅಥವಾ 'ಪೋಲ್' ಮೇಲೆ ನಿಂತರೆ ಬಳಕೆದಾರರ ಪಟ್ಟಿ ಇಟ್ಟಿರುವ ಸರ್ವರನ್ನು ಅನುಮಾನಿಸಬಹುದು.

ಮದ್ದೂ ಇದೆ. ಬೇಡದ ನೆಟ್‌ವರ್ಕ್ ಫೋಲ್ಡರನ್ನು ಪಾತ್‌ನಿಂದ ತೆಗೆಯಬಹುದು. ಖಾಲಿ ಸಾಲಿನಲ್ಲಿ ಟ್ಯಾಬ್ ಒತ್ತಿದಾಗ ಹುಡುಕಬೇಡ ಎಂದು ಬ್ಯಾಶ್‌ಗೆ ಹೇಳಬಹುದು. ಒಮ್ಮೆ ಕೇಳಿದ್ದನ್ನು ನೆನಪಿಟ್ಟುಕೊಳ್ಳುವ ಎಸ್‌ಎಸ್‌ಎಸ್‌ಡಿಯಂಥವು ಇವೆ. ಅದು ಪೂರ್ತಿ ಪಟ್ಟಿ ಕೊಡುವುದನ್ನು ಸಾಮಾನ್ಯವಾಗಿ ನಿಲ್ಲಿಸಿಯೇ ಇಟ್ಟಿರುತ್ತದೆ. ಆಗ ಟಿಲ್ಡೆಯ ಮುಂದೆ ಎಲ್ಲರ ಹೆಸರೂ ಬರುವುದಿಲ್ಲ. ಒಂದು ಅನುಕೂಲ ಬಿಟ್ಟರೆ ಇನ್ನೊಂದು, ಲೆಕ್ಕ ತಾಳೆಯಾಗಲೇಬೇಕು.

ಹತ್ತಿರದ ವಸ್ತುವಿಗೆಂದು ಹುಟ್ಟಿದ ಅಭ್ಯಾಸ ವಸ್ತು ದೂರ ಹೋದರೂ ಬದಲಾಗಲಿಲ್ಲ, ಅಷ್ಟೇ ಇದರ ಚರಿತ್ರೆ. ಹೊಸ ಮಷೀನಿಗೆ ದುಡ್ಡು ಸುರಿಯುವ ಮೊದಲು, ಅದು ಯಾರ ಉತ್ತರಕ್ಕಾಗಿ ಕಾಯುತ್ತಿದೆ ಅಂತ ಒಮ್ಮೆ ನೋಡಿ. ಕೌಂಟರಿನಲ್ಲಿ ಕೂತವರ ಮೇಲೆ ರೇಗುವ ಮೊದಲೂ!