ಬನ್ನಿ ಕೊಡುವ ಮೊದಲು

ನಮ್ಮ ಗದಗ ಸೀಮೆಯಲ್ಲಿ ಜಗಳಕ್ಕಿಂತ ಕೆಟ್ಟದ್ದೊಂದಿದೆ: ಮಾತು ಬಿಡೋದು. ಅಣ್ಣತಮ್ಮಂದಿರು ಒಂದೇ ಬದುವಿನ ಆಚೀಚೆ ವರ್ಷಗಟ್ಟಲೆ ಉಳುತ್ತಾರೆ, ಒಬ್ಬರ ಮಾರಿ ಒಬ್ಬರು ನೋಡುವುದಿಲ್ಲ. ದಸರೆಗೆ ಹಿರಿಯರು ಇಬ್ಬರನ್ನೂ ಎಳೆತಂದು, ‘ಬನ್ನಿ ತಗೊಂಡು ಬಂಗಾರದಂಗ ಇರ್ರಿ’ ಎನ್ನುತ್ತಾರೆ. ಪದ್ಧತಿ ಚೆಂದ. ಆದರೆ ಎಲೆ ಕೈ ಬದಲಾಗುತ್ತದೆ, ಬದುವಿನ ತಕರಾರು ಅಲ್ಲೇ ಇರುತ್ತದೆ. ತಕರಾರನ್ನೇ ಎದುರಿಗಿಟ್ಟು ಮಾತಾಡುವುದನ್ನು ಈ ಸೀಮೆ ಪೆಟ್ಟು ತಿಂದು ಕಲಿತಿದೆ.

1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಕತ್ತಿ ಹಿಡಿದು ಕೊಪ್ಪಳದ ಕೋಟೆಯಲ್ಲಿ ಮಡಿದ. ಆಗ ಎದುರು ಕೂರುವ ಜಾಗವೇ ಇರಲಿಲ್ಲ.

ಅಂಥ ಜಾಗವೊಂದು ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. 1904ರ ಸಹಕಾರ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಇದನ್ನು ಸಾಲದ ಚರಿತ್ರೆಯಾಗಿಯಷ್ಟೇ ಓದುವುದು ನನಗೆ ಸಾಲದು. ಆ ಕಾಲದ ಹಳ್ಳಿ ಸಂಘಗಳಲ್ಲಿ ಹೊಣೆ ಅಪರಿಮಿತ. ಒಬ್ಬ ಮುಳುಗಿಸಿದರೆ ಎಲ್ಲರ ಕೊರಳಿಗೂ ಉರುಳು. ಹಾಗಾಗಿ ಬಾಕಿ ಉಳಿಸಿದ ನೆರೆಯವನನ್ನು ಸಭೆಯಲ್ಲೇ ಕೇಳಬೇಕು, ಮರುದಿನ ಅವನ ಎತ್ತನ್ನೇ ಎರವಲು ಬೇಡಬೇಕು. ಮನಸ್ಸು ಮುರಿಯದಂತೆ ಮುಖಕ್ಕೆ ಹೇಳುವ ಪಾಠ ಇದಕ್ಕಿಂತ ಬೇಕೆ?

ಆದರೆ ಸರ್ಕಾರದ ಮುಂದೆ ಈ ಪಾಠ ನಡೆಯಲಿಲ್ಲ. 1980ರ ಜುಲೈ 21ರಂದು, ಮಲಪ್ರಭಾ ನೀರಿನ ಕರದ ವಿರುದ್ಧ ತಿಂಗಳುಗಟ್ಟಲೆ ಮೊರೆಯಿಟ್ಟು ದಣಿದಿದ್ದ ನರಗುಂದದ ರೈತರ ಸಹನೆ ಕಟ್ಟೆಯೊಡೆಯಿತು. ಗೋಲಿಬಾರಾಯಿತು; ರೈತರೂ ಸತ್ತರು, ಪೊಲೀಸರೂ ಸತ್ತರು. ಕೇಳುವ ಕಿವಿ ಮೊದಲೇ ತೆರೆದಿದ್ದರೆ?

2011ರ ಹೊತ್ತಿಗೆ ರೀತಿ ಬದಲಾಗಿತ್ತು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಪೋಸ್ಕೊ ಕಂಪನಿಯ 60 ಲಕ್ಷ ಟನ್ ಉಕ್ಕಿನ ಕಾರ್ಖಾನೆಗೆ ಜಮೀನು ಬೇಕಾಯಿತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಇದರ ವಿರುದ್ಧ ಬೀದಿಗಿಳಿದರು. ಭೂಮಿ ಕೊಡಲು ಮುಂದಾದ ರೈತರೂ ಇದ್ದರೆಂಬುದನ್ನು ಮರೆಯಬಾರದು. ಕಠಿಣವಾದದ್ದು ಕಂಪನಿಯೊಡನೆ ಸೆಣಸುವುದಲ್ಲ, ಊರೊಳಗಿನ ಎರಡು ಮಾತನ್ನು ಸಂಭಾಳಿಸುವುದು. ಜುಲೈನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ಭೂಸ್ವಾಧೀನ ಕೈಬಿಟ್ಟರು, 2013ರಲ್ಲಿ ಕಂಪನಿಯೇ ಹಿಂದೆ ಸರಿಯಿತು. ಗುಂಡು ಹಾರಲಿಲ್ಲ. ಎದುರಾಳಿಗೆ ಹಿಂದೆ ಸರಿಯಲು ಮರ್ಯಾದೆಯ ದಾರಿ ಉಳಿದಿತ್ತು. ನಮ್ಮ ಜಿಲ್ಲೆಯ ಕಪ್ಪತಗುಡ್ಡದ ವಿಷಯದಲ್ಲೂ ಹಾಗೆಯೇ: 2016ರಲ್ಲಿ ಸರ್ಕಾರ ಹಿಂತೆಗೆದ ಸಂರಕ್ಷಣೆಯ ಆದೇಶ, ಗದಗಿನ ಧರಣಿಯ ನಂತರ 2017ರಲ್ಲಿ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು.

ಮನೆಯ ಜಗಳ ಮಾತ್ರ ನಿಧಾನ. ಲೋಕ ಅದಾಲತ್ತಿಗೆ 1987ರ ಕಾಯ್ದೆಯ ಬಲ ಬಂತು, 2007ರಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರ ತೆರೆಯಿತು. ಅಲ್ಲಿ ಗಂಡಹೆಂಡಿರ ಮಾತನ್ನು ಬೇರೆ ಬೇರೆಯಾಗಿಯೂ ಕೇಳುತ್ತಾರೆ. ಹಿರಿಯರ ಪಂಚಾಯಿತಿಯಲ್ಲಿ ಸೊಸೆಯ ಪಾಲಿಗೆ ಬಾರದಿದ್ದುದು ಅದೇ.

ಇನ್ನೊಂದು ತಮಾಷೆ. 2022ರಲ್ಲಿ ಸಿದ್ಧಲಿಂಗ ಸ್ವಾಮೀಜಿಯವರ ಜನ್ಮದಿನವನ್ನು ಸರ್ಕಾರ ‘ಭಾವೈಕ್ಯತಾ ದಿನ’ ಎಂದು ಸಾರಿತು. ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠದ ಕಡೆಯಿಂದ, ಭಾವೈಕ್ಯದ ಹೆಸರು ನಮ್ಮದಲ್ಲವೇ ಎಂಬ ಆಕ್ಷೇಪ ಬಂತು. ಸಲೀಸಾಗಿ ಮಾತು ಬಿಡಬಹುದಿತ್ತು, ಬಹಿರಂಗವಾಗಿಯೇ ಹೇಳಿದರು.