ಪೆಟ್ರೋಮ್ಯಾಕ್ಸ್ ದೀಪ

ಸೀಮೆಎಣ್ಣೆಯ ಆವಿಯನ್ನು ಉರಿಸಿ, ಆ ಉರಿಯಿಂದ ಒಂದು ಜಾಲರಿಯನ್ನು ಕಾಯಿಸಿ ಬೆಳಕು ಪಡೆಯುವ ದೀಪ. ಬರ್ಲಿನ್ನಿನ ಎರಿಶ್ ಅಂಡ್ ಗ್ರೇಟ್ಸ್ ಕಂಪನಿ 1910ರ ಸುಮಾರಿಗೆ ತಂದ ಮಾದರಿಯ ಹೆಸರು ಮುಂದೆ ಈ ಬಗೆಯ ದೀಪಗಳಿಗೆಲ್ಲ ಅಂಟಿಕೊಂಡಿತು. ಕನ್ನಡನಾಡಿನಲ್ಲಿ ಗ್ಯಾಸ್‌ಲೈಟು ಎಂದೇ ರೂಢಿ.

ಒಂದು ಕಿಲೋ ಸೀಮೆಎಣ್ಣೆ ಉರಿದರೆ ಸುಮಾರು 43 ಮೆಗಾಜೂಲ್ ಶಕ್ತಿ ಸಿಗುತ್ತದೆ. ಅಣುಗಳ ಬಂಧ ಮುರಿದಾಗ ಈ ಶಕ್ತಿ ಹೊರಬರುತ್ತದೆ ಎಂಬ ಮಾತು ಬಳಕೆಯಲ್ಲಿದ್ದರೂ ಅದು ತಪ್ಪು. ಬಂಧ ಮುರಿಯಲು ಶಕ್ತಿಯನ್ನು ಕೊಡಬೇಕು. ಬೆಂಕಿಕಡ್ಡಿ ಗೀರದೆ ದೀಪ ಹತ್ತದಿರುವುದು ಅದಕ್ಕೇ. ಎಣ್ಣೆಯ ಇಂಗಾಲ, ಹೈಡ್ರೋಜನ್‌ಗಳು ಆಮ್ಲಜನಕದೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾದಾಗ ಹೆಚ್ಚು ಬಿಗಿಯಾದ ಹೊಸ ಬಂಧಗಳು ಮೂಡುತ್ತವೆ. ಆಗ ಬಿಡುಗಡೆಯಾಗುವ ಶಕ್ತಿ ಮುರಿಯಲು ತಗುಲಿದ್ದಕ್ಕಿಂತ ಹೆಚ್ಚು. ಆ ಹೆಚ್ಚುವರಿಯೇ ಶಾಖ.

ಶಾಖ ಸುಲಭವಾಗಿ ದಕ್ಕುತ್ತದೆ, ಬೆಳಕು ಹಾಗಲ್ಲ. ಬುಡ್ಡಿದೀಪದಲ್ಲಿ ಎಣ್ಣೆ ಅರೆಬರೆ ಉರಿದು ಮಸಿಯ ಕಣಗಳಾಗುತ್ತದೆ. ಅವು ಕಾದು ಹೊಳೆಯುವುದರಿಂದಲೇ ಜ್ವಾಲೆ ಹಳದಿ. ಅಲ್ಲಿ ಬೆಳಕು ಕೊಡುವುದೂ ಹೊಗೆಯಾಗಿ ಗೋಡೆ ಕಪ್ಪಾಗಿಸುವುದೂ ಒಂದೇ ವಸ್ತು. ಪೆಟ್ರೋಮ್ಯಾಕ್ಸ್‌ನಲ್ಲಿ ಪಂಪು ಹೊಡೆದಾಗ ಒತ್ತಡಕ್ಕೆ ಎಣ್ಣೆ ಮೇಲೇರಿ, ಮೊದಲೇ ಕಾಯಿಸಿದ ನಳಿಗೆಯಲ್ಲಿ ಆವಿಯಾಗಿ, ಸಣ್ಣ ರಂಧ್ರದಿಂದ ಚಿಮ್ಮಿ ಗಾಳಿಯೊಡನೆ ಬೆರೆಯುತ್ತದೆ. ದಹನ ಪೂರ್ಣವಾಗುವುದರಿಂದ ಮಸಿಯಿಲ್ಲ. ಜ್ವಾಲೆ ನೀಲಿ, ಬಹಳ ಬಿಸಿ. ಅದರದೇ ಬೆಳಕು ಮಾತ್ರ ತೀರಾ ಕಡಿಮೆ.

ಬೆಳಗುವ ಕೆಲಸ ಮ್ಯಾಂಟಲ್ ಎಂಬ ಜಾಲರಿಯದು. ಆಸ್ಟ್ರಿಯಾದ ರಸಾಯನವಿಜ್ಞಾನಿ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಮಾಡಿದ ಮೊದಲ ಮ್ಯಾಂಟಲಿನ ಬೆಳಕು ಹಸಿರುಛಾಯೆಯದಾಗಿದ್ದು ಜನಕ್ಕೆ ಹಿಡಿಸಲಿಲ್ಲ. 1891ರಲ್ಲಿ ಅವನು 99 ಪಾಲು ಥೋರಿಯಂ ಆಕ್ಸೈಡಿಗೆ 1 ಪಾಲು ಸೀರಿಯಂ ಆಕ್ಸೈಡ್ ಬೆರೆಸಿದ; ಗೆದ್ದದ್ದು ಅದು. ಈ ಲೋಹಗಳ ಲವಣಗಳಲ್ಲಿ ಅದ್ದಿದ ನೂಲಿನ ಚೀಲ ಮೊದಲ ಉರಿಯಲ್ಲೇ ಸುಟ್ಟುಹೋಗಿ ಆಕ್ಸೈಡಿನ ನಾಜೂಕಾದ ಜಾಲರಿ ಉಳಿಯುತ್ತದೆ, ತಟ್ಟಿದರೆ ಪುಡಿ. ಥೋರಿಯಂ ಆಕ್ಸೈಡ್ ಕಾದರೂ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಸೂಸುವುದಿಲ್ಲ. ಹಾಗಾಗಿ ಜಾಲರಿ ತುಂಬ ಬಿಸಿಯಾಗಿ ಉಳಿಯುತ್ತದೆ, ಸೀರಿಯಂ ಕಣ್ಣಿಗೆ ಕಾಣುವ ಬೆಳಕನ್ನು ಬೀರುತ್ತದೆ. ಹಾಗಿದ್ದೂ ಎಣ್ಣೆಯ ಶಕ್ತಿಯಲ್ಲಿ ಬೆಳಕಾಗುವುದು ಅತ್ಯಲ್ಪ, ಉಳಿದದ್ದೆಲ್ಲ ಶಾಖವೇ.

ಮ್ಯಾಂಟಲಿಗೆ ಬೇಕಾದ ಥೋರಿಯಂಗಾಗಿಯೇ 20ನೇ ಶತಮಾನದ ಆರಂಭದಲ್ಲಿ ತಿರುವಾಂಕೂರು ಸಂಸ್ಥಾನದ ಕಡಲತೀರದ ಮಾನಜೈಟ್ ಮರಳಿಗೆ ಯುರೋಪಿನಲ್ಲಿ ಬೇಡಿಕೆ ಹುಟ್ಟಿತು.

ಕರಾವಳಿಯ ಯಕ್ಷಗಾನ ಬಯಲಾಟಗಳಲ್ಲಿ ದೀವಟಿಗೆಯ ಜಾಗಕ್ಕೆ ಬಂದದ್ದು ಈ ದೀಪ. ಹಳ್ಳಿಯ ಮದುವೆ ಮೆರವಣಿಗೆಗಳಲ್ಲೂ ಇದನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದರು. ವಿದ್ಯುತ್ ಬಂದ ಮೇಲೆ ಬಳಕೆ ಇಳಿಯಿತು.

ಥೋರಿಯಂ ವಿಕಿರಣಶೀಲವಾದ್ದರಿಂದ ಈಗ ಹಲವು ತಯಾರಕರು ಯಿಟ್ರಿಯಂ ಬಳಸುತ್ತಾರೆ. ಅಟ್ಟದಲ್ಲಿ ಹಳೆಯ ಮ್ಯಾಂಟಲ್ ಸಿಕ್ಕಿದರೆ ಅದರ ಪುಡಿ ಉಸಿರಿಗೆ ಸೇರದಂತೆ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು.